ಉಲ್ಟಾ ಮಾತಾಡುವ ಅಂಕಿ

ಕೆಳಗಿನ ಮನೆಯಾಕೆ ಹೋದ ಮಳೆಗಾಲದ ಒಂದು ಸಂಜೆ ಕೊಡೆ ಮಡಚುತ್ತ ನಮ್ಮ ಜಗಲಿ ಹತ್ತಿದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ನಾಲ್ಕು ಮಡಿಕೆಯ ಲ್ಯಾಬ್ ಚೀಟಿ.

“ಅಕ್ಕಾ, ನನ್ನ ಥೈರಾಯ್ಡ್ ಹದಿನೆಂಟಾಗಿ ಹೋಗಿದೆ ನೋಡಿ. ನಾಲ್ಕರೊಳಗೆ ಇರ್ಬೇಕಂತಲ್ಲ?”

“ಮಾತ್ರೆ ತಗೊಳ್ತಾ ಇದೀಯಲ್ಲ?”

“ಬಿಟ್ಟೆ. ಮೊದಲೇ ಜಾಸ್ತಿ ಆಗಿದೆ, ಅದರ ಮೇಲೆ ಮತ್ತೆ ಥೈರಾಯ್ಡ್ ಮಾತ್ರೆನೇ ನುಂಗೋದಾ? ಬಿಟ್ಟು ಇಪ್ಪತ್ತು ದಿನ ಆಯ್ತು.”

ಅವಳ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಸಕ್ಕರೆ ಜಾಸ್ತಿ ಬಂದರೆ ಸಿಹಿ ಬಿಡುತ್ತೇವೆ, ಬಿಪಿ ಜಾಸ್ತಿ ಬಂದರೆ ಉಪ್ಪು ಬಿಡುತ್ತೇವೆ. ಚೀಟಿಯ ತಲೆಯ ಮೇಲೆ ಥೈರಾಯ್ಡ್ ಎಂದು ಬರೆದಿದೆ, ಕೆಳಗೆ 18.4 ಎಂದಿದೆ, ಪಕ್ಕದಲ್ಲಿ ದಪ್ಪ ಅಕ್ಷರದ ಎಚ್. ಎಚ್ ಅಂದರೆ ಹೈ ಎಂದು ಏಳನೇ ಕ್ಲಾಸಿನ ಮಗ ಓದಿ ಹೇಳಿದ್ದಾನೆ. ಇಂಗ್ಲಿಷಿನಲ್ಲಿ ಅಚ್ಚಾದದ್ದೆಲ್ಲ ಸರಿಯಾಗಿಯೇ ಇತ್ತು. ಮನೆಗೆ ತಲುಪಿದ ಅರ್ಥ ಮಾತ್ರ ತಲೆಕೆಳಗು.

ನಾನು ಮಲೆನಾಡಿನ ಮೂರು ಆಸ್ಪತ್ರೆಗಳ ಲ್ಯಾಬಿನಲ್ಲಿ ಒಟ್ಟು 32 ವರ್ಷ ಜನರ ಕೈಗೆ ಸೂಜಿ ಚುಚ್ಚಿದವಳು. ಊರಲ್ಲಿ ನನಗೆ ಈಗಲೂ ‘ರಕ್ತ ತೆಗೆಯೋ ಅಕ್ಕ’ ಎಂದೇ ಹೆಸರು. ನಿವೃತ್ತಿಯಾದ ಮೇಲೆ ಸಿರಿಂಜು ಕೈಬಿಟ್ಟಿತು, ಚೀಟಿಗಳು ಬಿಡಲಿಲ್ಲ. ವಾರಕ್ಕೆ ನಾಲ್ಕೈದಾದರೂ ನಮ್ಮ ಜಗಲಿಗೆ ಬರುತ್ತವೆ. ಅವುಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಓದಿಸಿಕೊಳ್ಳುವುದು ಈ 18.4ರಂಥ ಅಂಕಿ, ಅಂದರೆ ಟಿಎಸ್‌ಎಚ್. ಅದಕ್ಕೇ ಹೇಳುತ್ತಿದ್ದೇನೆ: ಸರ್ಕಾರಿ ಇರಲಿ, ಖಾಸಗಿ ಇರಲಿ, ಕರ್ನಾಟಕದ ಯಾವ ಲ್ಯಾಬಿನಿಂದ ಟಿಎಸ್‌ಎಚ್ ವರದಿ ಹೊರಬಿದ್ದರೂ ಅದರ ಮೇಲೆ ಕನ್ನಡದಲ್ಲಿ ಒಂದು ವಿವರಣೆಯ ಸಾಲು ಕಡ್ಡಾಯವಾಗಿ ಇರಬೇಕು. ಯಾಕೆ ಒಂದು ಸಾಲಿಗೆ ಇಷ್ಟು ಹಟ ಎಂದು ಕೇಳುವವರಿಗೆ ಥೈರಾಯ್ಡ್ ಗ್ರಂಥಿಯ ಸಂಸಾರವನ್ನೇ ಸ್ವಲ್ಪ ಬಿಚ್ಚಿ ತೋರಿಸಬೇಕಾಗುತ್ತದೆ.

ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳವನ್ನು ಅಪ್ಪಿಕೊಂಡು ಕೂತ ಪಾತರಗಿತ್ತಿ ಅದು. ತೂಕ 20 ಗ್ರಾಮಿನ ಆಸುಪಾಸು. ತರಬೇತಿಯ ದಿನಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದರ ಸ್ಲೈಡ್ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಜೇನಿನ ಎರಿ. ಕೋಣೆ ಕೋಣೆ, ಪ್ರತಿ ಕೋಣೆಯ ಸುತ್ತ ಒಂದೇ ಸಾಲು ಜೀವಕೋಶಗಳ ಗೋಡೆ, ಒಳಗೆ ಗುಲಾಬಿ ಬಣ್ಣದ ಗೋಂದು. ಕೆಲಸವೆಲ್ಲ ನಡೆಯುವುದು ಆ ಗೋಡೆ ಮತ್ತು ಗೋಂದು ಸೇರುವ ಅಂಚಿನಲ್ಲಿ.

ಗೋಡೆಯ ಜೀವಕೋಶಗಳು ರಕ್ತದಲ್ಲಿ ಹರಿದು ಹೋಗುವ ಅಯೋಡಿನ್ನನ್ನು ಪಂಪು ಹಾಕಿ ಒಳಗೆ ಎಳೆಯುತ್ತವೆ. ರಕ್ತದಲ್ಲಿ ಇರುವುದಕ್ಕಿಂತ 20ರಿಂದ 40 ಪಟ್ಟು ಹೆಚ್ಚು ಸಾಂದ್ರವಾಗುವಷ್ಟು ಎಳೆತ. ಅವೇ ಜೀವಕೋಶಗಳು ಥೈರೋಗ್ಲೋಬ್ಯುಲಿನ್ ಎಂಬ ದೊಡ್ಡ ಪ್ರೋಟೀನನ್ನು ನೇಯ್ದು ಗೋಂದಿನೊಳಗೆ ಇಳಿಬಿಡುತ್ತವೆ. ಆ ಪ್ರೋಟೀನಿನಲ್ಲಿ ಅಲ್ಲಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲದ ಕೊಕ್ಕೆಗಳು. ಪೆರಾಕ್ಸಿಡೇಸ್ ಎಂಬ ಕಿಣ್ವ ಅಯೋಡಿನ್ನನ್ನು ಆ ಕೊಕ್ಕೆಗಳಿಗೆ ಸಿಕ್ಕಿಸುತ್ತದೆ. ಅದಕ್ಕೆ ಬೇಕಾಗುವ ಹೈಡ್ರೋಜನ್ ಪೆರಾಕ್ಸೈಡನ್ನು, ಗಾಯ ತೊಳೆಯಲು ನಾವು ಬಳಸುವ ಅದೇ ವಸ್ತುವನ್ನು, ಗ್ರಂಥಿ ಅಲ್ಲೇ ತಯಾರಿಸಿಕೊಳ್ಳುತ್ತದೆ. ಕೆಲವು ಕೊಕ್ಕೆಗೆ ಒಂದು ಅಯೋಡಿನ್, ಕೆಲವಕ್ಕೆ ಎರಡು. ಎರಡರದು ಎರಡರ ಜೊತೆ ಕೂಡಿದರೆ ಟಿ4, ಎರಡರದು ಒಂದರ ಜೊತೆ ಕೂಡಿದರೆ ಟಿ3. ಹೆಸರಿನಲ್ಲಿರುವ ಅಂಕಿ ಅಯೋಡಿನ್ನಿನ ಲೆಕ್ಕ, ಅಷ್ಟೆ. ಜೋಡಿ ಸಿಗದೆ ಉಳಿದವುಗಳಿಂದ ಗ್ರಂಥಿ ಅಯೋಡಿನ್ ಕಿತ್ತು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಚಿಲ್ಲರೆ ಕೂಡ ಬಿಡದ ಜಿಪುಣ ಸಂಸಾರ ಅದು. ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಅಯೋಡಿನ್, ಜೀವಮಾನಕ್ಕೆಲ್ಲ ಸೇರಿಸಿದರೂ ಒಂದು ಚಹಾ ಚಮಚೆ.

ಹೀಗೆ ಮಾಡಿದ್ದನ್ನು ಕೂಡಲೇ ಹೊರಗೆ ಬಿಡುವುದಿಲ್ಲ. ನಮ್ಮ ಕಡೆ ಮೇ ತಿಂಗಳು ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಿಸುತ್ತಾರಲ್ಲ, ಹಾಗೆ ಎರಡು ಮೂರು ತಿಂಗಳಿಗಾಗುವಷ್ಟು ಹಾರ್ಮೋನನ್ನು ಗೋಂದಿನಲ್ಲಿ ಪೇರಿಸಿಡುತ್ತದೆ. ದೇಹದ ಬೇರೆ ಯಾವ ಗ್ರಂಥಿಗೂ ಇಂಥ ಮುಂದಾಲೋಚನೆ ಇಲ್ಲ. ಹಾರ್ಮೋನ್ ಅತಿಯಾದವರಿಗೆ ಕಾರ್ಬಿಮಜೋಲ್ ಮಾತ್ರೆ ಕೊಟ್ಟರೆ ವಾರಗಟ್ಟಲೆ ಏನೂ ಗುಣ ಕಾಣುವುದಿಲ್ಲ. “ಮಾತ್ರೆ ಹಿಡಿತಿಲ್ಲ” ಎಂದು ಗೊಣಗುತ್ತಾರೆ. ಮಾತ್ರೆ ಹೊಸ ಸೌದೆ ಬರುವುದನ್ನು ನಿಲ್ಲಿಸಿರುತ್ತದೆ. ಕೊಟ್ಟಿಗೆಯಲ್ಲಿ ಇದ್ದದ್ದು ಉರಿದು ಮುಗಿಯಬೇಡವೇ?

ಗ್ರಂಥಿಯಿಂದ ಹೊರಬರುವುದರಲ್ಲಿ ಬಹುಪಾಲು ಟಿ4. ದಿನಕ್ಕೆ ನೂರು ಮೈಕ್ರೋಗ್ರಾಮಿಗೂ ಕಡಿಮೆ, ವರ್ಷದ್ದೆಲ್ಲ ಒಟ್ಟು ಮಾಡಿದರೆ ಒಂದೆರಡು ಅಕ್ಕಿಕಾಳಿನ ತೂಕ. ಅಕ್ಕಿಯ ಮಾತು ಬಂದದ್ದು ಒಳ್ಳೆಯದಾಯಿತು. ಟಿ4 ಎಂದರೆ ಭತ್ತ. ಕೆಡದೆ ಇರುತ್ತದೆ, ರಕ್ತದಲ್ಲಿ ಅದರ ಅರ್ಧ ಕರಗಲು ಸುಮಾರು ಏಳು ದಿನ ಬೇಕು. ಆದರೆ ಭತ್ತವನ್ನು ಹಾಗೇ ಉಣ್ಣಲು ಬರುವುದಿಲ್ಲ. ಪಿತ್ತಜನಕಾಂಗ, ಮೂತ್ರಪಿಂಡ, ಮಿದುಳು ಎಲ್ಲವೂ ತಮಗೆ ಬೇಕಾದಾಗ ಒಂದು ಅಯೋಡಿನ್ ಸುಲಿದು ಟಿ3 ಮಾಡಿಕೊಳ್ಳುತ್ತವೆ. ಅದು ಅಕ್ಕಿ. ದೇಹದ ಟಿ3ರಲ್ಲಿ ನೂರಕ್ಕೆ ಎಂಬತ್ತರಷ್ಟು ಹೀಗೆ ಗ್ರಂಥಿಯ ಹೊರಗೇ ತಯಾರಾಗುತ್ತದೆ. ಅದರ ಆಯಸ್ಸು ಹೆಚ್ಚೆಂದರೆ ಒಂದೆರಡು ದಿನ. ಒಳಸುತ್ತಿನ ಅಯೋಡಿನ್ ಸುಲಿದರೆ ಕೆಲಸಕ್ಕೆ ಬಾರದ ತೌಡು ಸಿಗುತ್ತದೆ; ಜ್ವರ, ಉಪವಾಸ, ದೊಡ್ಡ ಕಾಯಿಲೆಗಳಲ್ಲಿ ದೇಹ ಬೇಕೆಂದೇ ತೌಡು ಹೆಚ್ಚು ಮಾಡಿಕೊಂಡು ಖರ್ಚು ಇಳಿಸುತ್ತದೆ. ಆದ್ದರಿಂದಲೇ ಐಸಿಯುನಲ್ಲಿ ಮಲಗಿದವರ ಥೈರಾಯ್ಡ್ ಪರೀಕ್ಷೆಯನ್ನು ತೀರಾ ಅಗತ್ಯವಿಲ್ಲದೆ ಮಾಡಬಾರದು. ಪ್ಯಾಕೇಜಿನಲ್ಲಿ ಇದೆ ಎಂಬ ಕಾರಣಕ್ಕೆ ಮಾಡುವವರಿದ್ದಾರೆ, ಆ ಮಾತು ಬೇರೆ.

ಇನ್ನು ಟಿಎಸ್‌ಎಚ್. ಜನಕ್ಕೆ ಗೊತ್ತಾಗದೆ ಉಳಿದಿರುವುದು ಇದು: ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನೇ ಅಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪದ ಪಿಟ್ಯುಟರಿ ಎಂಬ ಇನ್ನೊಂದು ಗ್ರಂಥಿ ಇದೆ. ಟಿಎಸ್‌ಎಚ್ ಅದರ ಕೂಗು.

ಮಲೆನಾಡಿನಲ್ಲಿ ಹುಟ್ಟಿದವರಿಗೆ ‘ಕೂ’ ಹಾಕುವುದು ಗೊತ್ತು. ಮಕ್ಕಳು ದನದ ಹಿಂದೆ ಗುಡ್ಡಕ್ಕೆ ಹೋಗಿರುತ್ತವೆ. ಅಮ್ಮ ಅಂಗಳದಲ್ಲಿ ನಿಂತು ಕೂ ಹಾಕುತ್ತಾಳೆ. ತೋಟದ ಅಂಚಿನಲ್ಲೇ ಇದ್ದರೆ ಸಣ್ಣ ಕೂ ಸಾಕು. ಓಗೊಡದಿದ್ದರೆ ದನಿ ಏರುತ್ತದೆ. ಗುಡ್ಡದಾಚೆ ಇಳಿದಿದ್ದರೆ ಮೂರು ಮನೆಗೆ ಕೇಳುವ ಹಾಗೆ ಕೂಗಬೇಕು. ಒಳಗೆ ಒಲೆಯ ಮುಂದೆ ಕೂತ ಅಜ್ಜಿ “ಇನ್ನೊಂದು ಸಲ ಕೂಗೇ” ಎಂದು ತಿವಿಯುತ್ತಿರುತ್ತಾಳೆ. ಆ ಅಜ್ಜಿ ಹೈಪೋಥಲಮಸ್, ಅವಳ ಪಿಸುಮಾತು ಟಿಆರ್‌ಎಚ್. ಮಕ್ಕಳು ಮನೆ ಸೇರಿದರೋ ಇಬ್ಬರ ಬಾಯಿಯೂ ಮುಚ್ಚುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಸಾಕಷ್ಟಿದ್ದರೆ ಪಿಟ್ಯುಟರಿ ತಣ್ಣಗಾಗುತ್ತದೆ. ಕಡಿಮೆಯಾದರೆ ಕೂಗು ಏರುತ್ತದೆ, ಅದೂ ಎರಡಕ್ಕೆ ಎರಡು ಎಂಬ ಲೆಕ್ಕದಲ್ಲಲ್ಲ. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಹತ್ತಾರು ಪಟ್ಟು ಜಿಗಿಯಬಲ್ಲದು.

18.4 ಎಂದರೆ ಥೈರಾಯ್ಡ್ ಜಾಸ್ತಿ ಎಂದಲ್ಲ; ಅಮ್ಮನ ಗಂಟಲು ಹರಿಯುವಷ್ಟು ಕೂಗಿದರೂ ಮಗು ಓಗೊಡುತ್ತಿಲ್ಲ ಎಂದು. ಕೆಳಗಿನ ಮನೆಯಾಕೆಗೆ ಇಷ್ಟನ್ನೇ ಹೇಳಿದೆ. ಐದು ನಿಮಿಷ ಹಿಡಿಯಿತು. ಅವಳು ಕಣ್ಣಗಲಿಸಿ, “ಹಂಗಾದ್ರೆ ನಾನು ಮಾತ್ರೆ ಬಿಟ್ಟಿದ್ದು...” ಎಂದವಳು ಮುಂದೆ ಮಾತಾಡಲಿಲ್ಲ.

ನನ್ನ ಅಜ್ಜಿಯ ಗಂಟಲಲ್ಲಿ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಗಳಗಂಡ. ಅದೂ ಈ ಕೂಗಿನದೇ ಗುರುತು ಎಂದು ನನಗೆ ತಿಳಿದದ್ದು ಪಾಠ ಓದಿದ ಮೇಲೆ. ಗುಡ್ಡಗಾಡಿನ ಮಣ್ಣಿನ ಅಯೋಡಿನ್ ಸಾವಿರಾರು ವರ್ಷದ ಮಳೆಗೆ ತೊಳೆದುಹೋಗಿರುತ್ತದೆ. ಅಯೋಡಿನ್ ಇಲ್ಲದೆ ಹಾರ್ಮೋನ್ ಇಲ್ಲ. ಹಾರ್ಮೋನ್ ಇಲ್ಲದ್ದಕ್ಕೆ ಕೂಗು ನಿಲ್ಲುವುದಿಲ್ಲ. ಆ ಕೂಗಿಗೆ ಗ್ರಂಥಿ ಊದಿಕೊಳ್ಳುತ್ತ ಹೋಗುತ್ತದೆ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಡುವ ಅಧ್ಯಯನ ಶುರುಮಾಡಿದರು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ನನ್ನ ಅಮ್ಮನ ಕಾಲಕ್ಕೆ ಗಂಟಲಿನ ಉಬ್ಬು ಅಪರೂಪವಾಗಿತ್ತು, ನನ್ನ ಕಾಲಕ್ಕೆ ಪುಸ್ತಕದ ಚಿತ್ರವಾಯಿತು. ಈಗ ಮತ್ತೆ ಆರೋಗ್ಯದ ಹೆಸರಿನಲ್ಲಿ ಅಯೋಡಿನ್ ಬೆರೆಸದ ಉಪ್ಪನ್ನು ದುಬಾರಿ ಬೆಲೆಗೆ ಕೊಂಡು ಬೀಗುವವರನ್ನು ಕಂಡರೆ ಅಜ್ಜಿಯ ಗಂಟಲು ನೆನಪಾಗುತ್ತದೆ.

ಕಥೆ ಇಷ್ಟಕ್ಕೇ ನಿಂತರೆ ನನ್ನ ಒಂದು ಸಾಲು ಸುಲಭವಾಗುತ್ತಿತ್ತು. ಗ್ರೇವ್ಸ್ ಕಾಯಿಲೆಯಲ್ಲಿ ದೇಹದ ಪ್ರತಿಕಾಯವೊಂದು ಅಮ್ಮನ ದನಿಯನ್ನೇ ಅನುಕರಿಸಿ ಗ್ರಂಥಿಯನ್ನು ಕೂಗುತ್ತದೆ. ಗ್ರಂಥಿ ಮೋಸಹೋಗಿ ಹಾರ್ಮೋನ್ ಸುರಿಯುತ್ತದೆ, ನಿಜವಾದ ಅಮ್ಮ ಸುಮ್ಮನಾಗುತ್ತಾಳೆ. ಅಲ್ಲಿ ಟಿಎಸ್‌ಎಚ್ ಸೊನ್ನೆಯ ಹತ್ತಿರ, ಎದೆ ಮಾತ್ರ ಡವಡವ. ಇದಕ್ಕೆ ವಿರುದ್ಧವಾದದ್ದೂ ಇದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಬಾಣಂತಿಯ ಪಿಟ್ಯುಟರಿಯೇ ಪೆಟ್ಟು ತಿಂದಿದ್ದರೆ ಕೂಗುವವಳೇ ಮೂಕಿ. ಟಿ4 ಪಾತಾಳಕ್ಕೆ ಇಳಿದಿದ್ದರೂ ಟಿಎಸ್‌ಎಚ್ ‘ನಾರ್ಮಲ್’ ಎಂದು ಬರಬಹುದು. ಅಂಥ ಒಬ್ಬ ಬಾಣಂತಿಯ ಚೀಟಿಗೆ ನಾನೇ ಸಹಿ ಹಾಕಿ ಕಳಿಸಿದ್ದೆ, ಬರೀ ಟಿಎಸ್‌ಎಚ್ ಬರೆದಿದ್ದರು, ಬರೀ ಟಿಎಸ್‌ಎಚ್ ಮಾಡಿದೆವು. ಎರಡು ವರ್ಷದ ನಂತರ ಬೇರೆ ಊರಿನ ವೈದ್ಯೆಯೊಬ್ಬರು ಟಿ4 ಕೂಡ ನೋಡಿದಾಗ ಗೊತ್ತಾಯಿತಂತೆ. ಹಾಗಾಗಿ ನಾನು ಕೇಳುವ ಸಾಲಿನಲ್ಲಿ ‘ಸಾಮಾನ್ಯವಾಗಿ’ ಎಂಬ ಪದ ಇರಲೇಬೇಕು. ಆ ಪದವನ್ನು ಬಿಟ್ಟುಕೊಡಲಾರೆ.

ಈ ಕೂಗನ್ನು, ಈ ಪಿಸುಮಾತನ್ನು ಅಳೆಯಲು ಮನುಷ್ಯರು ಪಟ್ಟ ಪಾಡು ಕಡಿಮೆಯದಲ್ಲ. ಅಜ್ಜಿಯ ಪಿಸುಮಾತು ಏನೆಂದು ತಿಳಿಯಲು ಅಮೆರಿಕದಲ್ಲಿ ರೋಜರ್ ಗಿಲೆಮಿನ್ ಕುರಿಗಳ ಮಿದುಳಿನಿಂದ, ಆಂಡ್ರೂ ಶಾಲಿ ಹಂದಿಗಳ ಮಿದುಳಿನಿಂದ ಲಕ್ಷಗಟ್ಟಲೆ ತುಣುಕು ಕೂಡಿಹಾಕಿ ಪೈಪೋಟಿಗೆ ಬಿದ್ದರು. 1969ರಲ್ಲಿ ಸಿಕ್ಕಿದ್ದು ಬರೀ ಮೂರು ಅಮೈನೋ ಆಮ್ಲದ ಪುಟ್ಟ ಸರ. 1977ರ ನೊಬೆಲ್ ಬಹುಮಾನವನ್ನು ಅವರಿಬ್ಬರ ಜೊತೆ ಹಂಚಿಕೊಂಡವಳು ರೊಸಾಲಿನ್ ಯಾಲೊ. ನನ್ನ ಮಟ್ಟಿಗೆ ಅವಳು ಕುಲದೇವತೆ ಇದ್ದಹಾಗೆ. ನ್ಯೂಯಾರ್ಕಿನ ಬ್ರಾಂಕ್ಸ್ ಆಸ್ಪತ್ರೆಯಲ್ಲಿ ಕಸಬರಿಕೆ ಇಡುವ ಕೋಣೆಯನ್ನೇ ಲ್ಯಾಬು ಮಾಡಿಕೊಂಡು ಕೆಲಸ ಶುರುಮಾಡಿದವಳು. ಸಾಲೊಮನ್ ಬರ್ಸನ್ ಜೊತೆ ಸೇರಿ ಅವಳು ಕಟ್ಟಿದ ವಿಧಾನದಿಂದಲೇ ರಕ್ತದಲ್ಲಿ ಇಷ್ಟು ಅಲ್ಪ ಪ್ರಮಾಣದ ಹಾರ್ಮೋನನ್ನು ಅಳೆಯಲು ಸಾಧ್ಯವಾದದ್ದು. ಪೇಟೆಂಟ್ ಬೇಡವೆಂದರು ಇಬ್ಬರೂ. ನನ್ನ ಮೊದಲ ಲ್ಯಾಬ್ ಕೂಡ ಮೆಟ್ಟಿಲ ಕೆಳಗಿನ ಉಗ್ರಾಣವೇ ಆಗಿತ್ತು. ಟಿಎಸ್‌ಎಚ್ ಸ್ಯಾಂಪಲ್ಲನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಶಿವಮೊಗ್ಗಕ್ಕೆ ಕಳಿಸಿ ನಾಲ್ಕು ದಿನ ಕಾಯುತ್ತಿದ್ದೆವು. ಈಗ ಅರ್ಧ ದಿನದಲ್ಲಿ ವಾಟ್ಸಾಪಿಗೆ ಬಂದು ಬೀಳುತ್ತದೆ. ಇಷ್ಟೆಲ್ಲ ಮಾಡಿ ಹಿಡಿದ ಅಂಕಿಯನ್ನು ಕೊನೆಯ ಮೂರು ಅಡಿ ದೂರದಲ್ಲಿ, ಚೀಟಿಯಿಂದ ಕಣ್ಣಿಗೆ ಹೋಗುವಾಗ, ಕೈಬಿಡುತ್ತಿದ್ದೇವೆ.

ಬರೀ ಓದುಬಾರದವರ ಸಮಸ್ಯೆ ಇದು ಎಂದು ತಿಳಿಯಬೇಡಿ. ನನ್ನ ಕಥೆ ಕೇಳಿ. 48ನೇ ವಯಸ್ಸಿನಲ್ಲಿ ನನಗೇ ಟಿಎಸ್‌ಎಚ್ 11 ಬಂತು. ನನ್ನದೇ ಲ್ಯಾಬು, ನನ್ನದೇ ರಕ್ತ. 50 ಮೈಕ್ರೋಗ್ರಾಂ ಟಿ4 ಮಾತ್ರೆ ಶುರುವಾಯಿತು. ಇಳಿಯಲಿಲ್ಲ. 75 ಆಯಿತು, 100 ಆಯಿತು. ಕೂಗು ಮಾತ್ರ ಹಾಗೇ. ಒಂದೂವರೆ ವರ್ಷ ಕಳೆದ ಮೇಲೆ ಹೊಸದಾಗಿ ಬಂದ ಹುಡುಗ ಡಾಕ್ಟರೊಬ್ಬರು, “ಮೇಡಂ, ಮಾತ್ರೆ ಯಾವುದರ ಜೊತೆ ತಗೋತೀರಿ?” ಎಂದು ಕೇಳಿದರು. ಬೆಳಿಗ್ಗೆ ಐದೂವರೆಗೆ ಕಾಫಿ ಜೊತೆ. ಮಲೆನಾಡಿನವರನ್ನು ಇದಕ್ಕಿಂತ ಮುಜುಗರದ ಪ್ರಶ್ನೆ ಕೇಳಲು ಸಾಧ್ಯವಿಲ್ಲ. ಕಾಫಿ ಆ ಮಾತ್ರೆಯನ್ನು ಕರುಳಿಗೆ ಸರಿಯಾಗಿ ಹೀರಲು ಬಿಡುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಾದರೆ ನಾಲ್ಕು ಗಂಟೆ ಅಂತರ. ಕಾಫಿಯನ್ನು ಆರೂವರೆಗೆ ದೂಡಿದೆ (ಆ ಒಂದು ಗಂಟೆ ನಮ್ಮ ಮನೆಯವರೆಲ್ಲ ನನ್ನಿಂದ ದೂರವಿದ್ದರು), ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕೆಳಗಿಳಿದು, 75ಕ್ಕೆ ವಾಪಸು ಬಂದೆ. ಕೆಳಗಿನ ಮನೆಯಾಕೆಯ 18.4ಕ್ಕೂ ಮೂಲ ಅಂಥದ್ದೇ ಎಂದು ಆಮೇಲೆ ತಿಳಿಯಿತು: ಮೊಣಕಾಲು ನೋವಿಗೆಂದು ಕೊಟ್ಟ ಕ್ಯಾಲ್ಸಿಯಂ ಗುಳಿಗೆಯನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗುತ್ತಿದ್ದಳು.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳದ್ದು ಇನ್ನೊಂದು ಬಗೆ. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ತಿನ್ನುತ್ತಿದ್ದಳು. ಕೆಲವು ಯಂತ್ರಗಳ ಪರೀಕ್ಷೆ ನಡೆಯುವುದೇ ಬಯೋಟಿನ್ನಿನ ಅಂಟಿನ ಮೇಲೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ತೋರಿಸುತ್ತದೆ. ಎರಡು ದಿನ ಗುಳಿಗೆ ನಿಲ್ಲಿಸಿ ಮತ್ತೆ ರಕ್ತ ಕೊಡು ಎಂದೆ. ಎಲ್ಲ ಸರಿಯಾಗಿತ್ತು. ಎಂಜಿನಿಯರಿಂಗ್ ಓದಿದ ಹುಡುಗಿ.

ಮಾತ್ರೆ ಬದಲಿಸಿದ ಹದಿನೈದೇ ದಿನಕ್ಕೆ ಮತ್ತೆ ರಕ್ತ ಕೊಡಲು ಬರುವವರ ಬಗ್ಗೆಯೂ ಹೇಳಬೇಕು. ಟಿ4 ಕರಗುವುದು ವಾರಕ್ಕೆ ಅರ್ಧದಂತೆ ಎಂದೆನಲ್ಲ. ಹೊಸ ಪ್ರಮಾಣ ರಕ್ತದಲ್ಲಿ ನೆಲೆಯಾಗಿ, ಪಿಟ್ಯುಟರಿಗೆ ನಂಬಿಕೆ ಬಂದು ಅದು ದನಿ ಇಳಿಸಲು ಆರರಿಂದ ಎಂಟು ವಾರ ಬೇಕು. ಹದಿನೈದು ದಿನಕ್ಕೆ ಮಾಡಿದ ಪರೀಕ್ಷೆಯಿಂದ ಲಾಭ ಲ್ಯಾಬಿಗೆ ಮಾತ್ರ. ಗರ್ಭಿಣಿಯರ ಲೆಕ್ಕ ಬೇರೆ, ಅವರನ್ನು ಕಾಯಿಸಬಾರದು. ಮೊದಲ ಮೂರು ತಿಂಗಳು ಕೂಸಿಗೆ ತಾಯಿಯ ಹಾರ್ಮೋನೇ ಗತಿ.

ಒಂದು ಸಾಲಿನ ಮಾತು ಎತ್ತಿದಾಗ ನನಗೆ ಸಿಕ್ಕ ಉತ್ತರಗಳು ಎರಡು. ನನ್ನ ಜೊತೆ ಕೆಲಸ ಮಾಡಿದ ಹಿರಿಯ ವೈದ್ಯರೊಬ್ಬರು, “ವರದಿ ಡಾಕ್ಟರಿಗೆ ಕಣಮ್ಮ, ಪೇಷಂಟಿಗಲ್ಲ. ಅರ್ಧಂಬರ್ಧ ತಿಳಿಸಿದರೆ ತಾವೇ ಔಷಧಿ ಮಾಡಿಕೊಳ್ಳುತ್ತಾರೆ” ಎಂದರು. ನನಗೆ ಅವರ ಮೇಲೆ ಗೌರವವಿದೆ. ಆದರೆ ವರದಿ ಡಾಕ್ಟರಿಗೆ ಮಾತ್ರ ಎಂದಾದರೆ ಅದು ರಾತ್ರಿ ಒಂಬತ್ತಕ್ಕೆ ಪೇಷಂಟಿನ ಮೊಬೈಲಿಗೆ ಯಾಕೆ ಬರುತ್ತದೆ? ತಾವೇ ಔಷಧಿ ಮಾಡಿಕೊಳ್ಳುವುದು ಈಗಾಗಲೇ ನಡೆದಿದೆ, ಕತ್ತಲಲ್ಲಿ ನಡೆದಿದೆ. ಇನ್ನೊಂದು ಉತ್ತರ ಪೇಟೆಯ ಲ್ಯಾಬಿನ ಹುಡುಗನದ್ದು: “ಅಕ್ಕಾ, ನಮ್ ಸಾಫ್ಟ್‌ವೇರಲ್ಲಿ ಕನ್ನಡ ಫಾಂಟೇ ಬರಲ್ಲ.” ಹಾಲಿನ ಡೇರಿಯ ಚೀಟಿಯಲ್ಲಿ, ಕರೆಂಟ್ ಬಿಲ್ಲಿನಲ್ಲಿ ಬರುವ ಕನ್ನಡ ರಕ್ತದ ವರದಿಗೆ ಮಾತ್ರ ಬರುವುದಿಲ್ಲವಂತೆ.

ಸರ್ಕಾರದ ಆದೇಶಕ್ಕೆ ಕಾಯುವ ವಯಸ್ಸಲ್ಲ ನನ್ನದು. ಶಿವಮೊಗ್ಗಕ್ಕೆ ಹೋದಾಗ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡು ಬಂದೆ. ಅದರಲ್ಲಿ ಹೀಗಿದೆ: ‘ಟಿಎಸ್‌ಎಚ್ ಹೆಚ್ಚಿದ್ದರೆ ಸಾಮಾನ್ಯವಾಗಿ ದೇಹದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆ ಇದೆ ಎಂದರ್ಥ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಬದಲಿಸಬೇಡಿ.’ ಮೂರನೇ ಸಾಲಾಗಿ ಕಾಫಿಯ ವಿಷಯ ಸೇರಿಸೋಣವೆಂದರೆ ಅಂಗಡಿಯವನು ಜಾಗ ಇಲ್ಲ ಎಂದ. ಜಗಲಿಗೆ ಬರುವ ಪ್ರತಿ ಟಿಎಸ್‌ಎಚ್ ಚೀಟಿಯ ಹಿಂದೆ ನೀಲಿ ಶಾಯಿಯಲ್ಲಿ ಅದನ್ನು ಒತ್ತುತ್ತೇನೆ.

ಕೆಳಗಿನ ಮನೆಯಾಕೆಯನ್ನು ಮರುದಿನವೇ ಡಾಕ್ಟರ ಬಳಿ ಕಳಿಸಿದ್ದೆ. ಎಂಟು ವಾರದ ನಂತರ ಹೊಸ ಚೀಟಿ ತಂದಳು, 6.1. ಅದರ ಹಿಂದೆಯೂ ಸ್ಟ್ಯಾಂಪ್ ಒತ್ತಿಸಿಕೊಂಡು ಹೋದಳು. ಸಂಜೆ ವಾಪಸು ಬರುವಾಗ ಅಂಗಳದಿಂದಲೇ ಕೂಗಿ ಹೇಳಿದಳು: “ಅಕ್ಕಾ, ಡಾಕ್ಟ್ರು ಚೀಟಿ ತಿರುಗಿಸಿ ಓದಿದ್ರು. ಯಾರು ಹೊಡೆದಿದ್ದು ಅಂತ ಕೇಳಿದ್ರು. ಹೇಳಿದೆ. ಏನೂ ಅನ್ಲಿಲ್ಲ. ಅದರ ಕೆಳಗೇ ಪೆನ್ನಲ್ಲಿ ಬರೆದ್ರು ನೋಡಿ, ಕ್ಯಾಲ್ಸಿಯಂ ರಾತ್ರಿಗೆ ಅಂತ. ಕನ್ನಡದಲ್ಲೇ.”